ನಿಮ್ಮ ಪ್ರಶ್ನೆ, ಸರ್ಜನ್ ಉತ್ತರ: ಆನ್‌ಲೈನ್‌ನಲ್ಲಿ ಆಪರೇಷನ್ ಕಲಿಯೋಕಾಗುತ್ತಾ?

ಕಳೆದ ತಿಂಗಳು ಹರ್ನಿಯಾ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ನಾವು ಬೇರೆ ಬೇರೆ ಊರಿನ ಕೆಲವು ಸರ್ಜನ್‌ಗಳು ಗುರುವಾರ ರಾತ್ರಿ ಆನ್‌ಲೈನ್‌ನಲ್ಲಿ ಸೇರಿ ನಮ್ಮ ನಮ್ಮ ಕೇಸ್‌ಗಳನ್ನು ಚರ್ಚಿಸುತ್ತೇವೆ ಅಂತ. ಹರ್ನಿಯಾಕ್ಕಿಂತ ಆ ಸಾಲಿನ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ರೋಗಿಗಳ ಮನೆಯವರು ಬರೆದಿದ್ದಾರೆ, ಡಾಕ್ಟರುಗಳೂ ಬರೆದಿದ್ದಾರೆ. ಈ ಸಲದ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ಮೇಡಂ, ನನ್ನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲಿದೆ. ಲ್ಯಾಪ್ರೊಸ್ಕೋಪಿ ಮಾಡೋಣ ಅಂದಿದ್ದಾರೆ. ಡಾಕ್ಟರು ಒಳ್ಳೆಯವರೇ. ಆದರೆ ಮೊನ್ನೆ ಹೋದಾಗ ಅವರ ರೂಮಿನ ಲ್ಯಾಪ್‌ಟಾಪ್‌ನಲ್ಲಿ ಅದೇ ಆಪರೇಷನ್ನಿನ ವಿಡಿಯೊ ಓಡುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು. ವಿಡಿಯೊ ನೋಡಿ ಕಲಿಯುವವರ ಕೈಗೆ ಹೊಟ್ಟೆ ಕೊಡಬಹುದಾ?
— ಓದುಗರು, ತಿಪಟೂರು

ಉತ್ತರ: ಆ ಲ್ಯಾಪ್‌ಟಾಪ್ ನೋಡಿ ಹೆದರಬೇಡಿ. ನಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕಿದ್ದರೆ, ಹಿಂದಿನ ದಿನ ಕೂತು ವಿಡಿಯೊ ನೋಡಿ ಬರೆದುಕೊಳ್ಳುವ ಸರ್ಜನ್ನೇ ನನಗೆ ಬೇಕು.

ಲ್ಯಾಪ್ರೊಸ್ಕೋಪಿಯಲ್ಲಿ ಡಾಕ್ಟರು ಹೊಟ್ಟೆಯೊಳಗೆ ನೇರವಾಗಿ ನೋಡುವುದಿಲ್ಲ. ಹೊಕ್ಕುಳ ಹತ್ತಿರದ ಸಣ್ಣ ತೂತಿನಿಂದ ಕ್ಯಾಮೆರಾ ಒಳಗೆ ಹೋಗುತ್ತದೆ, ಚಿತ್ರ ಎದುರಿನ ಟಿವಿಯಲ್ಲಿ ಬರುತ್ತದೆ. ಇಡೀ ಆಪರೇಷನ್ ಆ ಟಿವಿ ನೋಡಿಕೊಂಡೇ ನಡೆಯುವುದು. ಹಾಗಾಗಿ ಇನ್ನೊಬ್ಬ ಸರ್ಜನ್ ಮಾಡಿದ ಆಪರೇಷನ್ನಿನ ವಿಡಿಯೊ ಹಾಕಿಕೊಂಡರೆ, ಅವರಿಗೆ ಏನು ಕಂಡಿತ್ತೋ ಅದೇ ನಮಗೂ ಕಾಣುತ್ತದೆ. ಹೊಟ್ಟೆ ತೆರೆದು ಮಾಡುವ ಆಪರೇಷನ್ ಕಲಿಯುವಾಗ ನಮಗೆ ಈ ಅನುಕೂಲ ಇರಲಿಲ್ಲ. ಪಿಜಿ ಮಾಡುವಾಗ ನಾನು ಪ್ರೊಫೆಸರ ಬೆನ್ನ ಹಿಂದೆ ಸ್ಟೂಲ್ ಮೇಲೆ ನಿಂತು ಕತ್ತು ಚಾಚುತ್ತಿದ್ದೆ. ಕಾಣುತ್ತಿದ್ದದ್ದು ಅವರ ಮೊಣಕೈ, ರಕ್ತ ಒರೆಸುವ ಬಟ್ಟೆ, ಅಷ್ಟೇ.

ಆದರೂ ನಿಮ್ಮ ಭಯಕ್ಕೆ ಬುಡ ಇಲ್ಲದೇ ಇಲ್ಲ. ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವ ಈ ಆಪರೇಷನ್ ಮೊದಲು ಮಾಡಿದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ ಮೊದಲು ಮಾಡಿದವರು ಡಾ. ತೆಹೆಮ್ಟನ್ ಉದ್ವಾಡಿಯಾ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ, 1990ರಲ್ಲಿ. ಗಾಯ ಸಣ್ಣದು, ಬೇಗ ಮನೆಗೆ ಹೋಗಬಹುದು. ಜನ ಇದನ್ನೇ ಕೇಳತೊಡಗಿದರು. ಆಗ ಓದು ಮುಗಿಸಿ ಎಷ್ಟೋ ವರ್ಷವಾಗಿದ್ದ ಸರ್ಜನ್‌ಗಳು ಶನಿವಾರ ಭಾನುವಾರದ ಕೋರ್ಸ್ ಮಾಡಿಕೊಂಡು ಬಂದು ಆಪರೇಷನ್ ಶುರು ಮಾಡಿಬಿಟ್ಟರು. ಪಿತ್ತನಾಳಕ್ಕೆ ಪೆಟ್ಟಾಗುವುದು ಹೆಚ್ಚಾಯಿತು. ಪಿತ್ತಕೋಶದ ನಾಳ ಅಂದುಕೊಂಡು, ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ನಾಳವನ್ನೇ ಕತ್ತರಿಸುವುದು ಅಂದರೆ ರೋಗಿಗೆ ವರ್ಷಗಟ್ಟಲೆ ನರಳಾಟ.

1995ರಲ್ಲಿ ಅಮೆರಿಕದ ಸದರ್ನ್ ಸರ್ಜನ್ಸ್ ಕ್ಲಬ್ ಒಂದು ಲೆಕ್ಕ ಕೊಟ್ಟಿತು. 55 ಸರ್ಜನ್‌ಗಳು, ಒಟ್ಟು 8,839 ಆಪರೇಷನ್. ಪಿತ್ತನಾಳಕ್ಕೆ ಪೆಟ್ಟಾದ ಕೇಸ್‌ಗಳಲ್ಲಿ ಶೇಕಡಾ 90ರಷ್ಟು, ಆಯಾ ಸರ್ಜನ್ನಿನ ಮೊದಲ 30 ಆಪರೇಷನ್‌ಗಳ ಒಳಗೇ ಆಗಿದ್ದವು. ಮೊದಲನೇ ಆಪರೇಷನ್ನಿನಲ್ಲಿ ಪೆಟ್ಟಾಗುವ ಸಾಧ್ಯತೆ ಶೇಕಡಾ 1.7 ಇದ್ದದ್ದು, ಐವತ್ತನೆಯದಕ್ಕೆ ಬರುವಾಗ ಶೇಕಡಾ 0.17ಕ್ಕೆ ಇಳಿದಿತ್ತು. ಆ ಮೊದಲ ಮೂವತ್ತು ಜನ ಯಾರದ್ದೋ ಅಪ್ಪ, ಯಾರದ್ದೋ ಹೆಂಡತಿ ಅಲ್ವಾ? ಅದಕ್ಕೇ ಹೊಸಬರ ಪಕ್ಕದಲ್ಲಿ ಪಳಗಿದವರು ನಿಲ್ಲಲೇಬೇಕು ಅಂತ ನಾನು ಹಟ ಹಿಡಿಯುವುದು.

ಅದೇ 1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ ಒಂದು ದಾರಿ ಹೇಳಿದರು. ಏನನ್ನೂ ಕತ್ತರಿಸುವ ಮೊದಲು ಮೂರು ವಿಷಯ ಖಾತ್ರಿ ಮಾಡಿಕೊಳ್ಳಬೇಕು. ನಾಳದ ಸುತ್ತಲಿನ ಕೊಬ್ಬು ಪೂರ್ತಿ ಬಿಡಿಸಿರಬೇಕು. ಪಿತ್ತಕೋಶದ ಕೆಳಭಾಗ ಲಿವರ್‌ನಿಂದ ಬಿಟ್ಟು ಬಂದಿರಬೇಕು. ಪಿತ್ತಕೋಶದೊಳಗೆ ಎರಡೇ ಎರಡು ಎಳೆ ಹೋಗುತ್ತಿರುವುದು ಕಣ್ಣಿಗೆ ಕಾಣಬೇಕು, ಒಂದು ನಾಳ, ಒಂದು ರಕ್ತನಾಳ. ಇವು ಕಾಣದಿದ್ದರೆ ಕತ್ತರಿ ಹಾಕುವಂತಿಲ್ಲ. ಹೊಟ್ಟೆ ತೆರೆಯಬೇಕು, ಇಲ್ಲವೇ ಪಿತ್ತಕೋಶದ ಒಂದು ಭಾಗ ಮಾತ್ರ ತೆಗೆದು ನಿಲ್ಲಿಸಬೇಕು.

ಇದು ಪೂರ್ತಿ ಕಣ್ಣಿನ ಪಾಠ. ಇದನ್ನು ವಿಡಿಯೊದಿಂದ ಚೆನ್ನಾಗಿ ಕಲಿಯಬಹುದು. ಊದಿಕೊಂಡು, ಅಂಟಿಕೊಂಡು, ಯಾವುದು ಎಲ್ಲಿದೆ ಅಂತಲೇ ಗೊತ್ತಾಗದ ಪಿತ್ತಕೋಶ ನಮ್ಮ ಟೇಬಲ್ ಮೇಲೆ ದಿನಾ ಬರುವುದಿಲ್ಲ. ಅಂಥ ಹತ್ತು ಕೇಸ್‌ಗಳನ್ನು ಬೇರೆಯವರು ಹೇಗೆ ನಿಭಾಯಿಸಿದರು, ಎಲ್ಲಿ ಕೈ ನಿಲ್ಲಿಸಿದರು ಅಂತ ನೋಡಿಟ್ಟುಕೊಂಡ ಸರ್ಜನ್, ಅಂಥದ್ದು ಎದುರಾದಾಗ ತಡಬಡಾಯಿಸುವುದಿಲ್ಲ. ಆದರೆ ಉಪಕರಣ ಹಿಡಿಯುವುದು, ಎಷ್ಟು ಎಳೆದರೆ ಹರಿಯುತ್ತದೆ ಅನ್ನುವ ಅಂದಾಜು, ಇವು ವಿಡಿಯೊದಿಂದ ಬರುವುದಿಲ್ಲ.

ನಿಮ್ಮ ಡಾಕ್ಟರನ್ನು ಸಂಕೋಚವಿಲ್ಲದೆ ಎರಡು ಮಾತು ಕೇಳಿ. "ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಡಾಕ್ಟ್ರೇ?" "ಕಷ್ಟ ಅನ್ನಿಸಿದರೆ ಹೊಟ್ಟೆ ತೆರೆಯುತ್ತೀರಾ?" ಎರಡನೆಯದಕ್ಕೆ "ಖಂಡಿತ ತೆರೆಯುತ್ತೇನೆ" ಅಂದರೆ ನೆಮ್ಮದಿಯಾಗಿ ಮನೆಗೆ ಬನ್ನಿ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬನೇ ಸರ್ಜನ್. ಎಂಎಸ್ ಮುಗಿದು ಹೆಚ್ಚು ದಿನ ಆಗಿಲ್ಲ. ವಾರಕ್ಕೆ ಒಂದಾದರೂ ವೆಬಿನಾರ್ ನೋಡುತ್ತೇನೆ. ದೊಡ್ಡ ದೊಡ್ಡವರು ಮಾತಾಡುತ್ತಾರೆ. ಮರುದಿನಕ್ಕೆ ಏನೂ ನೆನಪಿರುವುದಿಲ್ಲ. ತಪ್ಪು ನನ್ನದಾ?
— ಯುವ ಸರ್ಜನ್, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮದಲ್ಲ. ಸುಮ್ನೆ ಕೂತು ಭಾಷಣ ಕೇಳುವುದರಿಂದ ಡಾಕ್ಟರುಗಳ ಕೆಲಸದ ರೀತಿ ಬದಲಾಗುವುದಿಲ್ಲ, ಮಾತುಕತೆ, ಅಭ್ಯಾಸ ಇರುವ ಕಡೆ ಬದಲಾಗುತ್ತದೆ ಅಂತ ಕೆನಡಾದ ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲೇ ಹಳೆಯ ಅಧ್ಯಯನಗಳನ್ನೆಲ್ಲ ಜೋಡಿಸಿ ತೋರಿಸಿದ್ದರು. ಆಗ ಅದು ಹೋಟೆಲ್ ಹಾಲ್‌ನ ಭಾಷಣಕ್ಕೆ ಹೇಳಿದ ಮಾತು. ಈಗ ಅದೇ ಭಾಷಣ ಮೊಬೈಲ್‌ಗೆ ಬಂದಿದೆ.

ನಿಮಗೆ ಬೇಕಿರುವುದು ನಿಮ್ಮ ಕೇಸ್ ಕೇಳಿಸಿಕೊಳ್ಳುವ ಜನ. ಒಬ್ಬರೇ ಇರುವ ಸರ್ಜನ್ನಿನ ಕಷ್ಟ ನನಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವಿನ ಕೇಸ್ ಬಂದರೆ ತೆರೆಯಬೇಕಾ, ಬೆಳಿಗ್ಗೆವರೆಗೆ ಕಾಯಬೇಕಾ, ಕಲಬುರಗಿಗೆ ಕಳಿಸಬೇಕಾ ಅಂತ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಓದಿದ್ದು ಕಡಿಮೆ ಆಗಿ ಹೀಗಾಗುವುದಿಲ್ಲ. ಜೊತೆಗೆ ಯೋಚಿಸುವವರು ಇಲ್ಲದೆ ಆಗುತ್ತದೆ.

ಈ ಕೊರತೆಗೆ ಒಳ್ಳೆಯ ಉತ್ತರ ಕೊಟ್ಟವರು ಸರ್ಜನ್ ಅಲ್ಲ, ಲಿವರ್ ತಜ್ಞ ಸಂಜೀವ್ ಅರೋರಾ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿನ ರೋಗಿಗಳು ಅವರನ್ನು ನೋಡಲು ತಿಂಗಳುಗಟ್ಟಲೆ ಕಾಯುತ್ತಿದ್ದರು. 2003ರಲ್ಲಿ ಅವರು ಹಳ್ಳಿ ಕಡೆಯ ಡಾಕ್ಟರುಗಳನ್ನು ವಾರ ವಾರ ವಿಡಿಯೊದಲ್ಲಿ ಸೇರಿಸತೊಡಗಿದರು. ಹಳ್ಳಿಯ ಡಾಕ್ಟರು ತಮ್ಮ ರೋಗಿಯ ಕೇಸ್ ಹೇಳಬೇಕು, ತಜ್ಞರು ಪ್ರಶ್ನೆ ಕೇಳಬೇಕು, ಉಳಿದವರೆಲ್ಲ ಕಲಿಯಬೇಕು. ಹಳ್ಳಿಯಲ್ಲಿ ಹೀಗೆ ಚಿಕಿತ್ಸೆ ಪಡೆದವರ ಫಲಿತಾಂಶ ವಿಶ್ವವಿದ್ಯಾಲಯದ ಆಸ್ಪತ್ರೆಯಷ್ಟೇ ಚೆನ್ನಾಗಿತ್ತು ಅಂತ 2011ರಲ್ಲಿ ಪ್ರಕಟವಾಯಿತು. ಇದೇ ಪ್ರಾಜೆಕ್ಟ್ ಎಕೋ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ತರಬೇತಿಯನ್ನು ಇದೇ ಮಾದರಿಯಲ್ಲಿ ನಡೆಸುತ್ತದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮುಂದಾಳತ್ವದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಕ್ಯಾನ್ಸರ್ ಆಸ್ಪತ್ರೆಗಳ ಜಾಲದಲ್ಲಿ ಆನ್‌ಲೈನ್ ಟ್ಯೂಮರ್ ಬೋರ್ಡ್ ಇದೆ. ಸ್ತನ ಕ್ಯಾನ್ಸರ್ ಕೇಸ್ ಒಂದನ್ನು ಸರ್ಜನ್, ಕಿಮೊ ಕೊಡುವವರು, ರೇಡಿಯೇಷನ್ ಕೊಡುವವರು ಎಲ್ಲ ಒಟ್ಟಿಗೆ ಕೂತು ನೋಡುತ್ತಾರೆ.

ನಮ್ಮ ಗುರುವಾರದ ಸಭೆ ಇದಕ್ಕಿಂತ ತೀರಾ ಚಿಕ್ಕದು. ಎಲ್ಲರ ಒಪಿಡಿ ಮುಗಿದ ಮೇಲೆ ಶುರು. ಹತ್ತು ಹದಿನೈದು ಜನ, ಅದರಲ್ಲಿ ಒಬ್ಬರು ಅನಸ್ತೇಶಿಯಾದವರು, ಒಬ್ಬರು ರೇಡಿಯಾಲಜಿಯವರು ಇರಲೇಬೇಕು. ದಿನಕ್ಕೆ ಎರಡೇ ಕೇಸ್. ರೋಗಿಯ ಹೆಸರು, ಊರು, ಆಸ್ಪತ್ರೆಯ ದಾಖಲಾತಿ (ಐಪಿ) ನಂಬರ್ ಇರಬಾರದು. ಕೇಸ್ ಹೇಳುವವರು ಏನು ಮಾಡಿದರು ಅನ್ನುವುದನ್ನು ಮೊದಲೇ ಹೇಳುವಂತಿಲ್ಲ. ತೀರ್ಮಾನ ತೆಗೆದುಕೊಳ್ಳುವ ಜಾಗಕ್ಕೆ ಬಂದಾಗ ನಿಲ್ಲಿಸಬೇಕು. ಅಲ್ಲಿ ಪ್ರತಿಯೊಬ್ಬರೂ "ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು. ಕಿರಿಯರು ಮೊದಲು, ಹಿರಿಯರು ಕೊನೆಗೆ. ಹಿರಿಯರು ಮೊದಲು ಮಾತಾಡಿದರೆ ಉಳಿದವರು "ಹೌದು ಸಾರ್" ಅಂದು ಸುಮ್ಮನಾಗುತ್ತಾರೆ. ಒಮ್ಮೆ ಒಬ್ಬ ಹುಡುಗ ಮರುದಿನ ಮಾಡಬೇಕಿದ್ದ ಪಿತ್ತಕೋಶದ ಕೇಸ್ ತಂದಿದ್ದ. ರೇಡಿಯಾಲಜಿಯವರು ಸ್ಕ್ಯಾನ್ ನೋಡುತ್ತಾ, "ಮುಖ್ಯ ನಾಳ ಯಾಕೆ ಇಷ್ಟು ಅಗಲ ಇದೆ?" ಅಂದರು. ಅಲ್ಲೂ ಕಲ್ಲಿರಬಹುದು ಅಂತ ಮತ್ತೊಂದು ಪರೀಕ್ಷೆ ಮಾಡಿಸಿದರು. ಇತ್ತು. ಮೊದಲು ಎಂಡೋಸ್ಕೋಪಿಯಿಂದ ಅದನ್ನು ತೆಗೆಸಿ, ಆಮೇಲೆ ಆಪರೇಷನ್ ಮಾಡಿದ. ಆ ಒಂದು ಪ್ರಶ್ನೆಯನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ.

ನಿಮ್ಮ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಚಿಂತೆ ಬೇಡ. ಫೋಟೊ, ಸ್ಕ್ಯಾನ್ ಮಧ್ಯಾಹ್ನವೇ ಎಲ್ಲರಿಗೂ ಕಳಿಸಿಡಿ. ಸಭೆಯಲ್ಲಿ ಕ್ಯಾಮೆರಾ ಆಫ್ ಮಾಡಿ, ಧ್ವನಿ ಮಾತ್ರ ಇಟ್ಟುಕೊಳ್ಳಿ. ನಿಮ್ಮ ಬ್ಯಾಚಿನ ನಾಲ್ಕು ಜನ, ನಿಮಗೆ ಕಲಿಸಿದ ಒಬ್ಬ ಮೇಷ್ಟ್ರು ಸಿಕ್ಕರೆ ಈ ವಾರವೇ ಶುರು ಮಾಡಬಹುದು.

ಪ್ರಶ್ನೆ: ಸರ್ಟಿಫಿಕೇಟ್ ಸಿಕ್ಕರೆ ಸಾಕು ಅಂತ ವೆಬಿನಾರ್‌ಗೆ ಲಾಗಿನ್ ಆಗಿ ಮೊಬೈಲ್ ಪಕ್ಕಕ್ಕಿಟ್ಟು ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ. ಇದನ್ನು ಕಲಿಕೆ ಅನ್ನಬೇಕಾ?
— ಹೆಸರು, ಊರು ಬೇಡ

ಉತ್ತರ: ಅನ್ನಬಾರದು. ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲಿ, 5 ವರ್ಷಕ್ಕೆ 30 ಗಂಟೆಯಾದರೂ ಇಂಥ ಕಲಿಕೆಯಲ್ಲಿ ಭಾಗವಹಿಸಬೇಕು ಅಂತಿದೆ. ಲೆಕ್ಕ ಹಾಕಿ, ತಿಂಗಳಿಗೆ ಅರ್ಧ ಗಂಟೆ. ಜನ ತಮ್ಮ ದೇಹವನ್ನೇ ನಂಬಿ ಒಪ್ಪಿಸುವ ಕೆಲಸಕ್ಕೆ ತಿಂಗಳಿಗೆ ಅರ್ಧ ಗಂಟೆ! ಅದರಲ್ಲೂ ಮೋಸ ಮಾಡಿದರೆ ರೋಗಿಗೆ ಮಾಡಿದ ಮೋಸವೇ. ಏರ್ಪಾಡು ಮಾಡುವವರಿಗೂ ಒಂದು ಮಾತು. ಕೊನೆಗೊಂದು ಲಿಂಕ್ ಕಳಿಸಿ ಸರ್ಟಿಫಿಕೇಟ್ ಹಂಚಬೇಡಿ. ಮಧ್ಯೆ ಮಧ್ಯೆ ಕೇಸ್ ಕೊಟ್ಟು ಉತ್ತರ ಕೇಳಿ. ಉತ್ತರ ಕೊಟ್ಟವರಿಗೆ ಮಾತ್ರ ಆ ಗಂಟೆಗಳ ಲೆಕ್ಕ ಕೊಡಿ.

ಪ್ರಶ್ನೆ: ಮೇಡಂ, ನಾನೂ ಸರ್ಜನ್. ಮಗಳಿಗೆ ಏಳು ತಿಂಗಳು. ಸಮ್ಮೇಳನಗಳಿಗೆ ಹೋಗಲು ಆಗುತ್ತಿಲ್ಲ, ಎಲ್ಲ ಆನ್‌ಲೈನ್‌ನಲ್ಲೇ ನೋಡುತ್ತಿದ್ದೇನೆ. ಜೊತೆಯವರೆಲ್ಲ ಮುಂದೆ ಹೋದರು, ನಾನು ಹಿಂದೆ ಬಿದ್ದೆ ಅನ್ನಿಸುತ್ತದೆ.
— ಓದುಗರು, ದಾವಣಗೆರೆ

ಉತ್ತರ: ಪಾಠದ ಮಟ್ಟಿಗೆ ನೀವು ಹಿಂದೆ ಬಿದ್ದಿಲ್ಲ. ಕೋವಿಡ್ ವರ್ಷದಲ್ಲಿ, 2020ರ ಅಕ್ಟೋಬರ್‌ನಲ್ಲಿ, ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ತನ್ನ ವಾರ್ಷಿಕ ಸಮ್ಮೇಳನವನ್ನು ಪೂರ್ತಿ ಆನ್‌ಲೈನ್ ಮಾಡಿತು. ವಿಮಾನ, ವೀಸಾ, ಹೋಟೆಲ್ ಅಂತ ಲಕ್ಷಗಟ್ಟಲೆ ಖರ್ಚು ಮಾಡಿದವರಿಗೆ ಮಾತ್ರ ಸಿಗುತ್ತಿದ್ದ ಪಾಠ ಮನೆಗೇ ಬಂತು. ನನ್ನ ಮಕ್ಕಳು ಚಿಕ್ಕವರಿದ್ದಾಗ ಇದು ಇದ್ದಿದ್ದರೆ ಅಂತ ಆಗ ತುಂಬಾ ಅನ್ನಿಸಿತ್ತು. ಮಗು ಮಲಗಿದ ಮೇಲೆ ರೆಕಾರ್ಡಿಂಗ್ ನೋಡಿ. ಸಾಕಾದರೆ ನಿಲ್ಲಿಸಿ, ನಾಳೆ ನೋಡಿ.

ಆದರೆ ಸಮ್ಮೇಳನದಲ್ಲಿ ಪಾಠದ ಹೊರಗೆ ಆಗುವುದೂ ಬಹಳ. ಟೀ ಕುಡಿಯುವಾಗ ಒಬ್ಬ ಹಿರಿಯರು ಪರಿಚಯವಾಗುತ್ತಾರೆ. "ನಮ್ಮಲ್ಲಿಗೆ ಬಾಮ್ಮ, ಹದಿನೈದು ದಿನ ಇದ್ದು ನೋಡು" ಅನ್ನುತ್ತಾರೆ. ಹೆಣ್ಣುಮಕ್ಕಳಿಗೆ ತಪ್ಪಿಹೋಗುವುದು ಇದೇ, ಅದು ಕಂಪ್ಯೂಟರ್ ಮುಂದೆ ಸಿಗುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಸರ್ಜನ್ನರ ಸಂಘದ ರಾಜ್ಯ ಸಮ್ಮೇಳನಕ್ಕೆ ಹೋಗಿ. ಮಗಳನ್ನು ಕರೆದುಕೊಂಡೇ ಹೋಗಿ, ಜೊತೆಗೆ ಮನೆಯವರೂ ಬರಲಿ. ಸಂಘಟಕರೇ, ಊಟದ ಪೆಂಡಾಲ್‌ಗೆ ಅಷ್ಟು ಖರ್ಚು ಮಾಡುತ್ತೀರಿ. ತಾಯಂದಿರು ಮಗುವಿಗೆ ಹಾಲು ಕುಡಿಸಲು ಒಂದು ರೂಮು, ಅದರಲ್ಲಿ ಸಭಾಂಗಣದ ಭಾಷಣ ಕಾಣುವ ಒಂದು ಟಿವಿ ಇಡುವುದು ಏನು ದೊಡ್ಡದು?

ಪ್ರಶ್ನೆ: ಕೋವಿಡ್ ಬಂದ ಮೇಲೆ ಎಲ್ಲ ಆನ್‌ಲೈನ್ ಆಯಿತು. ಹೊಲಿಗೆ ಹಾಕುವುದನ್ನೂ ಮನೆಯಲ್ಲೇ ಕಲಿಯಬಹುದಾ?
— ಪಿಜಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅರ್ಧ ಕಲಿಯಬಹುದು. ಒಂದು ರಟ್ಟಿನ ಡಬ್ಬ ತಗೊಳ್ಳಿ. ಮೇಲೆ ಎರಡು ತೂತು, ಒಳಗೊಂದು ವೆಬ್‌ಕ್ಯಾಮ್, ಒಂದು ಸಣ್ಣ ಎಲ್ಇಡಿ ದೀಪ. ಲ್ಯಾಪ್‌ಟಾಪ್‌ನಲ್ಲಿ ನೋಡುತ್ತಾ, ಥಿಯೇಟರ್‌ನಲ್ಲಿ ಬಳಕೆಗೆ ಬಾರದ ಹಳೆಯ ಉಪಕರಣ ಕೇಳಿ ಪಡೆದು ಅಭ್ಯಾಸ ಮಾಡಿ. ಮೊದಲು ಅವರೆಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿ. ಆಮೇಲೆ ಗ್ಲೌಸ್ ತುಂಡಿನ ಮೇಲೆ ಗಂಟು. ಆಮೇಲೆ ಚರ್ಮ ಇರುವ ಕೋಳಿ ಕಾಲು. ದಿನಾ ಇಪ್ಪತ್ತು ನಿಮಿಷ ಮಾಡಿದರೆ, ಭಾನುವಾರ ಪೂರ್ತಿ ಕೂರುವುದಕ್ಕಿಂತ ಒಳ್ಳೆಯದು. ನಿಮ್ಮ ಕೈ ರೆಕಾರ್ಡ್ ಮಾಡಿ ನಿಮ್ಮ ಮೇಡಮ್ಮಿಗೋ ಸಾರಿಗೋ ಕಳಿಸಿ, ತಿದ್ದಲು ಕೇಳಿ. ಉಳಿದರ್ಧ ಥಿಯೇಟರ್‌ನಲ್ಲಿ, ಅವರು ಎದುರಿಗೆ ನಿಂತಿರುವಾಗಲೇ. ಅದಕ್ಕೆ ಅಡ್ಡದಾರಿ ಇಲ್ಲ.

ಪ್ರಶ್ನೆ: ನನ್ನ ಆಪರೇಷನ್ನಿನ ವಿಡಿಯೊ ಮಾಡುತ್ತೇವೆ, ಬೇರೆ ಡಾಕ್ಟರುಗಳಿಗೆ ತೋರಿಸುತ್ತೇವೆ ಅಂತ ಸಹಿ ಕೇಳಿದ್ದಾರೆ. ಹಾಕಬೇಕಾ? ನನಗೆ ಮುಜುಗರ.
— ಓದುಗರು, ಪುತ್ತೂರು

ಉತ್ತರ: ಕೇಳಿದ್ದಾರಲ್ಲ, ಅದು ಒಳ್ಳೆಯ ಲಕ್ಷಣ. ಬೇಡ ಅನ್ನಿಸಿದರೆ ಬೇಡ ಅನ್ನಿ. ಅದರಿಂದ ನಿಮ್ಮ ಚಿಕಿತ್ಸೆ ಒಂದಿಷ್ಟೂ ಬದಲಾಗಬಾರದು. ಸಹಿ ಹಾಕುವ ಮುಂಚೆ ವಿಚಾರಿಸಿ. ಮುಖ ಕಾಣುತ್ತದಾ? ಹೆಸರು ಬರುತ್ತದಾ? ವಿಡಿಯೊ ಯಾರ ಬಳಿ ಇರುತ್ತದೆ? ಆಪರೇಷನ್ ನಡೆಯುವಾಗಲೇ ನೇರಪ್ರಸಾರವಾ, ಆಮೇಲೆ ತೋರಿಸುವುದಾ? ನೇರಪ್ರಸಾರ ಅಂದರೆ ನಾನು ಒಪ್ಪುವುದಿಲ್ಲ. ಆಪರೇಷನ್ ಮಾಡುವವರ ಗಮನ ರೋಗಿಯ ಮೇಲಿರಬೇಕು. ನೂರಾರು ಜನ ಕೇಳುವ ಪ್ರಶ್ನೆಗೆ ಉತ್ತರ ಕೊಡುತ್ತಾ ಕತ್ತರಿ ಆಡಿಸುವುದು ನನಗೆ ಸರಿ ಕಾಣುವುದಿಲ್ಲ. ರೆಕಾರ್ಡ್ ಮಾಡಿದ್ದನ್ನು ಮರುವಾರ ತೋರಿಸಿದರೂ ಅಷ್ಟೇ ಕಲಿಯಬಹುದು.

ರೆಕಾರ್ಡಿಂಗ್‌ನಿಂದ ಲಾಭ ಏನು ಅಂತಲೂ ಹೇಳಿಬಿಡುತ್ತೇನೆ. ಅಮೆರಿಕದ ಮಿಷಿಗನ್‌ನಲ್ಲಿ ಬೊಜ್ಜು ಇಳಿಸುವ ಆಪರೇಷನ್ ಮಾಡುವ 20 ಸರ್ಜನ್‌ಗಳು ತಮ್ಮ ಒಂದೊಂದು ವಿಡಿಯೊ ಕೊಟ್ಟರು. ಯಾರದ್ದು ಅಂತ ಗೊತ್ತಿಲ್ಲದೆ ಬೇರೆ ಸರ್ಜನ್‌ಗಳು ಅಂಕ ಹಾಕಿದರು. ಕಡಿಮೆ ಅಂಕ ಬಂದ ಗುಂಪಿನ ರೋಗಿಗಳಲ್ಲಿ ತೊಂದರೆ ಶೇಕಡಾ 14.5, ಹೆಚ್ಚು ಅಂಕ ಬಂದವರ ರೋಗಿಗಳಲ್ಲಿ ಶೇಕಡಾ 5.2. ಇದು 2013ರಲ್ಲಿ ಪ್ರಕಟವಾಯಿತು. ಒಂದು ವಿಡಿಯೊ ನೋಡಿದರೆ ಕೈಚಳಕ ಗೊತ್ತಾಗುತ್ತದೆ ಅಂತಾದರೆ, ತಿದ್ದಲೂ ದಾರಿ ಇದೆ ಅಂತಾಯಿತಲ್ಲ. ನಿಮ್ಮ ಸಹಿ ಅಂಥ ಕೆಲಸಕ್ಕೆ ಹೋಗುವುದಾದರೆ ಕೊಡಿ ಅನ್ನುತ್ತೇನೆ.

ಪ್ರಶ್ನೆ: ಡಾಕ್ಟರು ಒಂದು ದೇಶದಲ್ಲಿ, ರೋಗಿ ಇನ್ನೊಂದು ದೇಶದಲ್ಲಿ, ಹಾಗೆ ಆಪರೇಷನ್ ಆಗಿದೆಯಂತೆ. ನಿಜವೇ?
— ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಜ ಪುಟ್ಟಿ. 2001ರ ಸೆಪ್ಟೆಂಬರ್ 7ರಂದು ಡಾ. ಜಾಕ್ ಮಾರೆಸ್ಕೊ ನ್ಯೂಯಾರ್ಕ್‌ನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶವನ್ನು ರೋಬೋಟ್ ಮೂಲಕ ತೆಗೆದರು. ರೋಗಿಯ ಪಕ್ಕದಲ್ಲೂ ಸರ್ಜನ್‌ಗಳು ತಯಾರಾಗಿ ನಿಂತಿದ್ದರು. ಆ ಸುದ್ದಿಗಿಂತ ನನಗೆ ಜಾಸ್ತಿ ಉಪಯೋಗವಾದದ್ದು ಅವರದೇ ಸಂಸ್ಥೆಯ ವೆಬ್‌ಸರ್ಜ್ ಎಂಬ ವೆಬ್‌ಸೈಟ್. ಪ್ರಪಂಚದ ಯಾವ ಸರ್ಜನ್ ಬೇಕಾದರೂ ಅಲ್ಲಿ ಆಪರೇಷನ್ ವಿಡಿಯೊಗಳನ್ನು ದುಡ್ಡಿಲ್ಲದೆ ನೋಡಬಹುದು.

ಪ್ರಶ್ನೆ: ಅಕ್ಕಾರ, ನಾನು ಮೂವತ್ತು ವರ್ಷದಿಂದ ಇಲ್ಲೇ ಸಣ್ಣ ನರ್ಸಿಂಗ್ ಹೋಮ್ ನಡೆಸುತ್ತಿದ್ದೇನೆ. ಈ ಆನ್‌ಲೈನ್ ಸಭೆಗಳಲ್ಲಿ ದೊಡ್ಡ ಊರಿನವರು ಹೇಳುವುದು, ನಾವು ಕೇಳುವುದು, ಇಷ್ಟೇ ಆಗಿದೆ. ನಮ್ಮಂಥವರು ಬರೀ ಕೇಳಿಸಿಕೊಳ್ಳೋದಾ? ಇಂಗ್ಲಿಷಿನಲ್ಲಿ ಮಾತಾಡಲು ಅಂಜಿಕೆಯೂ ಇದೆ.
— ಸರ್ಜನ್, ಹಾನಗಲ್

ಉತ್ತರ: ಅಣ್ಣಾರ, ದೋಂಡಾಯಿಚಾ ಅಂತ ಮಹಾರಾಷ್ಟ್ರದಲ್ಲಿ ಒಂದು ಸಣ್ಣ ಊರಿದೆ, ಧುಳೆ ಜಿಲ್ಲೆ. ಅಲ್ಲಿನ ಡಾ. ಟೋಂಗಾಂವ್‌ಕರ್ ಅವರ ರೋಗಿಗಳಿಗೆ ಹರ್ನಿಯಾ ಮೆಶ್ (ಹರ್ನಿಯಾ ಜಾಗಕ್ಕೆ ಬಲ ಕೊಡಲು ಒಳಗೆ ಇಡುವ ಬಲೆ) ಕೊಳ್ಳಲು ದುಡ್ಡಿರಲಿಲ್ಲ. ಅವರು ಸೊಳ್ಳೆ ಪರದೆಯ ಬಟ್ಟೆ ಪರೀಕ್ಷೆ ಮಾಡಿಸಿ, ಸರಿಯಾಗಿ ಸ್ಟೆರಿಲೈಜ್ ಮಾಡಿ ಬಳಸಿದರು. ಬೇರೆ ಊರಿನ ಸರ್ಜನ್‌ಗಳನ್ನೂ ಸೇರಿಸಿಕೊಂಡು ಫಲಿತಾಂಶ ಬರೆದಿಟ್ಟು 2003ರಲ್ಲಿ ಪ್ರಕಟಿಸಿದರು. ಆಮೇಲೆ ಉಗಾಂಡಾದಲ್ಲಿ 302 ಗಂಡಸರಲ್ಲಿ ಅರ್ಧ ಜನಕ್ಕೆ ಕಂಪನಿ ಮೆಶ್, ಅರ್ಧ ಜನಕ್ಕೆ ಇಂಥ ಅಗ್ಗದ ಮೆಶ್ ಹಾಕಿ ಹೋಲಿಸಿದರು. ಒಂದು ವರ್ಷದ ಮೇಲೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಗ್ಗದ್ದು ಹಾಕಿದವರಲ್ಲಿ ಒಬ್ಬರಿಗೆ ಮಾತ್ರ ಹರ್ನಿಯಾ ಮತ್ತೆ ಬಂದಿತ್ತು. 2016ರಲ್ಲಿ ಇದು ಪ್ರಪಂಚದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಅಂಗಡಿಯ ಪರದೆ ತಂದು ಹಾಕಿಬಿಡಬಹುದು ಅಂತ ಯಾರೂ ತಿಳಿಯಬಾರದು, ಅದಕ್ಕೆ ಪರೀಕ್ಷೆ ಬೇಕು, ಲೆಕ್ಕ ಬೇಕು. ಆದರೆ ಸಣ್ಣ ಊರಿನ ಸರ್ಜನ್ ಕಲಿಸಿದ ಪಾಠ ಅದು.

ನಿಮ್ಮ ಕಡೆ ದೀಪಾವಳಿ ಹೊತ್ತಿಗೆ ಹೋರಿ ಓಡಿಸಿ ಹಿಡಿಯುವ ಹೋರಿ ಹಬ್ಬ ಇದೆ. ಹೋರಿ ತಿವಿದ ಗಾಯ ನೀವು ನೋಡಿದಷ್ಟು ಬೆಂಗಳೂರಿನ ಯಾವ ಪ್ರೊಫೆಸರೂ ನೋಡಿರಲಿಕ್ಕಿಲ್ಲ. ಹೊರಗೆ ಎರಡು ಬೆರಳಗಲ ತೂತು, ಒಳಗೆ ಕೊಂಬು ತಿರುಗಿ ಸ್ನಾಯು ಎಲ್ಲೆಲ್ಲೋ ಹರಿದಿರುತ್ತದೆ, ಮಣ್ಣು ಸೇರಿರುತ್ತದೆ. ಹೊರಗಿನ ಗಾಯ ನೋಡಿ ಹೊಲಿಗೆ ಹಾಕಿ ಕಳಿಸಿದರೆ ನಾಲ್ಕನೇ ದಿನಕ್ಕೆ ಕೀವು. ಯಾವಾಗ ಹೊಟ್ಟೆ ತೆರೆಯಬೇಕು, ಯಾವಾಗ ಗಾಯ ಹೊಲಿಯದೆ ಬಿಡಬೇಕು ಅನ್ನುವುದು ಈಗಿನ ಹುಡುಗರಿಗೆ ಪುಸ್ತಕದಲ್ಲಿ ಸಿಗುವುದಿಲ್ಲ. ನೀವು ಹೇಳಬೇಕು. ನಮ್ಮ ಗುರುವಾರದ ಸಭೆ ಕನ್ನಡದಲ್ಲೇ ನಡೆಯುವುದು. ರೋಗದ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಮಾತು ನಮ್ಮದೇ. ಸ್ಲೈಡ್ ಬೇಕಿಲ್ಲ. ಮುಖ ಕಾಣದ ನಾಲ್ಕೈದು ಫೋಟೊ, ರೋಗಿಗಳ ಒಪ್ಪಿಗೆ, ನೀವು ಬರೆದಿಟ್ಟ ಕೇಸ್ ಶೀಟ್ ಸಾಕು. ಪತ್ರಿಕೆಯವರ ವಿಳಾಸಕ್ಕೆ ನಿಮ್ಮ ನಂಬರ್ ಕಳಿಸಿ, ನಾನೇ ಫೋನ್ ಮಾಡುತ್ತೇನೆ. ದೀಪಾವಳಿ ಹತ್ತಿರ ಬಂದರೆ ನಿಮಗೂ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಮುಂಚೆಯೇ ಒಂದು ಗುರುವಾರ ಇಟ್ಟುಕೊಳ್ಳೋಣ.